ಹೋದ ವಾರ ಎಷ್ಟು ಬ್ಲೌಸ್ ಹೊಲಿದ್ರಿ? ಉದ್ಯೋಗ ತರಬೇತಿಗೆ ಹಾಕಿದ ದುಡ್ಡು ಫಲ ಕೊಟ್ಟಿತೇ ಎಂದು ಲೆಕ್ಕ ಹಾಕುವ ಬಗೆ

ಚಳ್ಳಕೆರೆ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ನಾನು ಎಂಟು ವರ್ಷ ಫಾಲೋಅಪ್ ಕೆಲಸ ಮಾಡಿದೆ. ಟೈಲರಿಂಗ್, ಬ್ಯೂಟಿಷಿಯನ್, ಮೊಬೈಲ್ ರಿಪೇರಿ, ಡೇಟಾ ಎಂಟ್ರಿ ಕಲಿತು ಹೋದವರಿಗೆ ಫೋನ್ ಮಾಡುವುದು, "ಈಗ ಏನ್ ಮಾಡ್ತಿದೀರಾ?" ಅಂತ ಕೇಳುವುದು, ಉತ್ತರವನ್ನು ಎಕ್ಸೆಲ್‌ಗೆ ತುಂಬುವುದು. ತಿಂಗಳ ಕೊನೆಗೆ ನಮ್ಮಿಂದ ಮೇಲಕ್ಕೆ ಹೋಗುತ್ತಿದ್ದದ್ದು ಒಂದೇ ಸಂಖ್ಯೆ: ನೂರಕ್ಕೆ ಇಷ್ಟು ಜನರಿಗೆ ಪ್ಲೇಸ್‌ಮೆಂಟ್.

ಆ ಸಂಖ್ಯೆ ಸುಳ್ಳೇನೂ ಆಗಿರಲಿಲ್ಲ. ಆದರೆ ಹುಡುಗಿಯ ಕೈಗೆ ಆಫರ್ ಲೆಟರ್ ಕೊಟ್ಟು, ಫೋಟೋ ತೆಗೆದು, ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬಸ್ ಹತ್ತಿಸಿದರೆ ಅದೂ ಪ್ಲೇಸ್‌ಮೆಂಟೇ. ಮೂರನೇ ವಾರಕ್ಕೆ ಅವಳು ವಾಪಸ್ ಬಂದು ಶೇಂಗಾ ಬಿಡಿಸುವ ಕೂಲಿಗೆ ಹೋಗಿದ್ದು ಯಾವ ಕಾಲಮ್ಮಿನಲ್ಲೂ ಇರುತ್ತಿರಲಿಲ್ಲ. ಆ ಕಾಲಮ್ಮೇ ಇರಲಿಲ್ಲ.

ಈಗ ಆ ಕೆಲಸ ಬಿಟ್ಟಿದ್ದೇನೆ. ಆದರೂ ಸಣ್ಣಪುಟ್ಟ ಸಂಸ್ಥೆಯವರು, ಒಮ್ಮೊಮ್ಮೆ ಪಂಚಾಯಿತಿಯವರು ಕೇಳುತ್ತಿರುತ್ತಾರೆ: "ಮೇಡಂ, ಇಷ್ಟು ತರಬೇತಿಗಳಲ್ಲಿ ಯಾವುದಕ್ಕೆ ಹಾಕಿದ ದುಡ್ಡು ಸಾರ್ಥಕ ಅಂತ ಹೆಂಗೆ ನೋಡೋದು?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಗಣಿತ ಬೇಡ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಕಷ್ಟ ಇರುವುದು ಪ್ರಶ್ನೆ ಕೇಳುವುದರಲ್ಲಿ.

ಮೊದಲು ಖರ್ಚು

ಇದು ಸುಲಭ ಅಂದುಕೊಳ್ಳುತ್ತಾರೆ, ಯಾಕೆಂದರೆ ಬಿಲ್ಲು ಇದೆ. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕೌಶಲ ಯೋಜನೆಗಳಿಗೆಲ್ಲ ಒಂದೇ ದರಪಟ್ಟಿ ಮಾಡಿತು. ಅದನ್ನೇ ಕಾಮನ್ ನಾರ್ಮ್ಸ್ ಅನ್ನುತ್ತಾರೆ. ಆಗಿನ ದರ ಒಬ್ಬರಿಗೆ ಗಂಟೆಗೆ 38.50, 33 ಮತ್ತು 27.50 ರೂಪಾಯಿ. ಯಂತ್ರ ಜಾಸ್ತಿ ಬೇಕಾದ ಕಸುಬಿಗೆ ಜಾಸ್ತಿ ದರ. ಆಮೇಲೆ ದರ ಏರಿದೆ, ನೀವು ನಿಮ್ಮ ವರ್ಷದ ದರ ಹಾಕಿಕೊಳ್ಳಿ. ಹಣ ಬರುತ್ತಿದ್ದದ್ದು ಮೂರು ಕಂತಿನಲ್ಲಿ: ಬ್ಯಾಚ್ ಶುರುವಾದಾಗ ನೂರಕ್ಕೆ 30, ಸರ್ಟಿಫಿಕೇಟ್ ಆದಾಗ 50, ಕೆಲಸ ಸಿಕ್ಕ ಮೇಲೆ 20. ಅಂದರೆ ಯಾರೊಬ್ಬರಿಗೂ ಕೆಲಸ ಸಿಗುವ ಮೊದಲೇ ನೂರಕ್ಕೆ 80 ರೂಪಾಯಿ ಕೇಂದ್ರದ ಕೈ ಸೇರುತ್ತಿತ್ತು. ಕೇಂದ್ರಗಳು ಬ್ಯಾಚ್ ತುಂಬಿಸಲು ಓಡಾಡಿದಷ್ಟು ಫಾಲೋಅಪ್‌ಗೆ ಯಾಕೆ ಓಡಾಡುವುದಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಬಿಲ್ಲಿನಲ್ಲಿ ಇಲ್ಲದ ಖರ್ಚನ್ನು ನೀವೇ ಹುಡುಕಬೇಕು. ಪಂಚಾಯಿತಿ ಸುಮ್ನೆ ಕೊಟ್ಟ ಕಟ್ಟಡ, ಊರೂರು ಸುತ್ತಿ ಹೆಸರು ಬರೆಸಿದವರ ಸಂಬಳ, ಕೊನೆಗೆ ಉಚಿತವಾಗಿ ಕೊಟ್ಟ ಹೊಲಿಗೆ ಯಂತ್ರ. ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲರೂ ಮರೆಯುವುದು ಕಲಿಯಲು ಬಂದವರು ಬಿಟ್ಟುಬಂದ ಕೂಲಿ. ಎರಡು ತಿಂಗಳು ತರಗತಿಯಲ್ಲಿ ಕೂತ ಹೆಣ್ಣುಮಗಳು ಕಳೆ ಕೀಳಲು ಹೋಗಿಲ್ಲ. ಸರ್ಕಾರದ ಪುಸ್ತಕದಲ್ಲಿ ಅದು ಖರ್ಚಲ್ಲ, ಅವಳ ಮನೆಯಲ್ಲಿ ಖರ್ಚು.

ಇದನ್ನು ಅಂದಾಜಿನಲ್ಲಿ ಹಾಕಬೇಡಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹಾಗಂತ ಎಲ್ಲರಿಗೂ 370 ಹಾಕಿ 50 ದಿನಕ್ಕೆ ಗುಣಿಸಿದರೆ ತಪ್ಪು. ದಿನಾ ಕೂಲಿ ಎಲ್ಲಿ ಸಿಗುತ್ತೆ? "ತರಬೇತಿಗೆ ಬರೋ ಮುಂಚಿನ ವಾರ ಎಷ್ಟು ದಿನ ಕೆಲಸಕ್ಕೆ ಹೋಗಿದ್ರಿ, ಎಷ್ಟು ಕೊಟ್ರು?" ಅಂತ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ವರ್ಷದ ನಂತರ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಬಸ್ ಚಾರ್ಜ್ ಬಗ್ಗೆ ಒಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೆ ಆ ಖರ್ಚು ಇಲ್ಲ. ಹಾಗಾಗಿ ಅದಕ್ಕೂ ಹಿಂದಿನ ಬ್ಯಾಚಿನ ಜೊತೆ ಈಗಿನ ಬ್ಯಾಚನ್ನು ಹೋಲಿಸುವಾಗ ಎಚ್ಚರ. ತರಗತಿಗೆ ಬರುವವರು ಹೆಚ್ಚಾಗಿದ್ದರೆ ಅದು ನಿಮ್ಮ ಪಾಠದ ಮಹಿಮೆಯೇ ಆಗಿರಬೇಕಿಲ್ಲ.

ಸ್ಟೈಪೆಂಡ್ ಕೊಟ್ಟಿದ್ದರೆ ಅದು ಸರ್ಕಾರಕ್ಕೆ ಖರ್ಚು, ಕಲಿತವರಿಗೆ ಆದಾಯ. ಇಬ್ಬರದನ್ನೂ ಸೇರಿಸಿ ನೋಡುವ ಲೆಕ್ಕದಲ್ಲಿ ಎರಡೂ ವಜಾ ಆಗುತ್ತವೆ. ಒಂದು ಕಡೆ ಮಾತ್ರ ಬರೆದರೆ ಲೆಕ್ಕ ಕೆಟ್ಟಿತು.

ಆದಾಯ ಕೇಳುವ ಬಗೆ

"ತಿಂಗಳಿಗೆ ಎಷ್ಟು ದುಡೀತೀರಾ?" ಅಂತ ಯಾವತ್ತೂ ಕೇಳಬೇಡಿ. ನಾನು ಮೊದಲೆರಡು ವರ್ಷ ಹಾಗೇ ಕೇಳಿದೆ. ಬಂದ ಉತ್ತರಗಳೆಲ್ಲ ಐದು ಸಾವಿರ, ಆರು ಸಾವಿರ, ಹತ್ತು ಸಾವಿರ. ಇಷ್ಟು ದುಂಡಗಿನ ಆದಾಯ ಯಾರಿಗೆ ಬರುತ್ತೆ? ಫೋನ್ ಕೆಳಗಿಡಲಿ ಅಂತ ಹೇಳಿದ ಸಂಖ್ಯೆಗಳು ಅವು.

ಒಂದು ದಿನ ನಾಯಕನಹಟ್ಟಿ ಕಡೆಯ ಒಬ್ಬರ ಮನೆಗೆ ಹೋಗಿದ್ದೆ. ಯಂತ್ರದ ಪಕ್ಕ ಕೂತು ಮಾತಾಡುತ್ತಾ, "ಹೋದ ವಾರ ಎಷ್ಟು ಬ್ಲೌಸ್ ಹೊಲಿದ್ರಿ ಅಕ್ಕಾ?" ಅಂದೆ. ಬೆರಳು ಮಡಚಿ ಎಣಿಸಿದರು. ಲೈನಿಂಗ್ ಹಾಕಿದ್ದು ಮೂರು, ಸಾದಾ ಎರಡು, ನಾಲ್ಕು ಸೀರೆಗೆ ಫಾಲ್ ಮತ್ತು ಪಿಕೊ. ಅದರಲ್ಲಿ ಒಂದು ಬ್ಲೌಸ್ ನಾದಿನಿಯದ್ದು, ದುಡ್ಡಿಲ್ಲ. ಇನ್ನೊಂದು ಸಾಲ. ದಾರ, ಹುಕ್ಕು, ಲೈನಿಂಗ್ ಬಟ್ಟೆ ಕಳೆದರೆ ಉಳಿದದ್ದು ಅವರೇ ಫೋನಿನಲ್ಲಿ ಹೇಳಿದ್ದ ಆದಾಯದ ಅರ್ಧವೂ ಇರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಹಾಗೆ ಎಣಿಸಿ ಅಂತ ಮೊದಲು ಯಾರೂ ಕೇಳಿರಲಿಲ್ಲ, ಅಷ್ಟೇ.

ಅಲ್ಲಿಂದ ಮುಂದೆ ನನ್ನ ಹಾಳೆ ಬದಲಾಯಿತು. ಟೈಲರಿಗೆ ಬ್ಲೌಸ್ ಎಣಿಸಿ. ಮೊಬೈಲ್ ರಿಪೇರಿಯವನಿಗೆ ಹೋದ ಮೂರು ದಿನದಲ್ಲಿ ಎಷ್ಟು ಡಿಸ್‌ಪ್ಲೇ ಬದಲಾಯಿಸಿದ ಅಂತ ಕೇಳಿ, ಬಿಡಿಭಾಗದ ದುಡ್ಡು ಮತ್ತು ಅಂಗಡಿ ಬಾಡಿಗೆ ಕಳೆಯಿರಿ. ಬೆಂಗಳೂರಿಗೆ ಹೋದವರಿಗೆ ಸಂಬಳ ಕೇಳಿದ ಕೂಡಲೇ ರೂಮ್ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಖರ್ಚು ಕೇಳಿ. ಪೀಣ್ಯದ ಸಂಬಳವನ್ನೂ ಚಳ್ಳಕೆರೆಯ ಕೂಲಿಯನ್ನೂ ಹಾಗ್ಹಾಗೇ ಪಕ್ಕದಲ್ಲಿಟ್ಟರೆ ಪೀಣ್ಯವೇ ಗೆಲ್ಲುತ್ತೆ. ಬಾಡಿಗೆ ಕಳೆದು ನೋಡಿ.

ಯಾವ ತಿಂಗಳು ಕೇಳುತ್ತೀರಿ ಅನ್ನುವುದೂ ಮುಖ್ಯ. ಆಷಾಢದಲ್ಲಿ ಟೈಲರಿಗೆ ಫೋನ್ ಮಾಡಿದರೆ ಈ ತರಬೇತಿಯೇ ದಂಡ ಅನ್ನಿಸುತ್ತೆ. ವೈಶಾಖದ ಮದುವೆ ಸೀಸನ್‌ನಲ್ಲಿ ಮಾಡಿದರೆ ರಾಜ್ಯಪ್ರಶಸ್ತಿ ಕೊಡಬೇಕು ಅನ್ನಿಸುತ್ತೆ. ವರ್ಷಕ್ಕೆ ಎರಡು ಸಲ ಕೇಳಿ, ಒಂದು ಸೀಸನ್‌ನಲ್ಲಿ, ಒಂದು ಖಾಲಿ ತಿಂಗಳಲ್ಲಿ. ಒಂದೇ ಸಲ ಮಾಡಲು ಆಗುವುದಾದರೆ, ಎಲ್ಲರಿಗೂ ಅದೇ ತಿಂಗಳು ಮಾಡಿ.

2023ರ ಆಗಸ್ಟ್‌ನಿಂದ ಬರುತ್ತಿರುವ ಗೃಹಲಕ್ಷ್ಮಿಯ ಎರಡು ಸಾವಿರವನ್ನು ಕೆಲವರು ಆದಾಯದಲ್ಲಿ ಸೇರಿಸಿ ಹೇಳುತ್ತಾರೆ. ಅದನ್ನು ಬೇರೆ ಕಾಲಮ್ಮಿಗೆ ಹಾಕಿ. ಯುವನಿಧಿ ಇನ್ನೂ ಸೂಕ್ಷ್ಮ. ಅದು ಕೆಲಸ ಇಲ್ಲದ ಪದವೀಧರರಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ ಕೊಡುವ ಭತ್ಯೆ. ಕೆಲಸ ಸಿಕ್ಕಿದೆ ಅಂದರೆ ಭತ್ಯೆ ನಿಲ್ಲುತ್ತೆ. ಹಾಗಾಗಿ ಅದನ್ನು ಪಡೆಯುತ್ತಿರುವ ಹುಡುಗ ನಿಮ್ಮ ಫೋನಿಗೆ ಏನು ಹೇಳಿಯಾನು? "ನಾನು ಯಾವ ಇಲಾಖೆಗೂ ಹೆಸರು ಕೊಡೋದಿಲ್ಲ" ಅಂತ ಮೊದಲೇ ಹೇಳಿ. ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ.

ಕಲಿಸಿದವರಿಂದ ಫೋನ್ ಮಾಡಿಸಬೇಡಿ. ಮೇಷ್ಟ್ರು ಕೇಳಿದರೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ.

ಕೆಲಸ ಉಳಿಸಿಕೊಂಡಿದ್ದಾರೋ ಇಲ್ಲವೋ ನೋಡಲು ಕಾರ್ಖಾನೆಯವರ ಮಟ್ಟಿಗೆ ಒಂದು ಒಳ್ಳೆಯ ದಾರಿ ಇದೆ. ಅದು ಪಿಎಫ್ ಪಾಸ್‌ಬುಕ್. ಪ್ರತಿ ತಿಂಗಳು ದುಡ್ಡು ಕಟ್ಟಿದ್ದಾರಾ ಅಂತ ಅದರಲ್ಲೇ ಇರುತ್ತೆ. ಅವರ ಒಪ್ಪಿಗೆ ಪಡೆದು ನೋಡಿ. ಆಫರ್ ಲೆಟರ್ ಫೋಟೋಗಿಂತ ಆರು ತಿಂಗಳ ಪಿಎಫ್ ಸಾಲುಗಳು ಹೆಚ್ಚು ನಿಜ ಹೇಳುತ್ತವೆ.

ಇನ್ನು ಫೋನ್ ಎತ್ತದವರು. ನೂರು ಜನರಲ್ಲಿ ಮೂವತ್ತು ನಂಬರ್ ಸತ್ತಿದೆ ಅಂದರೆ ಆ ಮೂವತ್ತನ್ನು ಬಿಟ್ಟು ಶೇಕಡಾ ತೆಗೆಯಬೇಡಿ. ಕೆಲಸ ಇದ್ದವರು ಖುಷಿಯಿಂದ ಫೋನ್ ಎತ್ತುತ್ತಾರೆ, ಇಲ್ಲದವರು ಎತ್ತುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದಿದೆ. ಕೊಟ್ಟ ನಂಬರ್ ಅಣ್ಣನದ್ದು, ಅವಳು ಮದುವೆಯಾಗಿ ಹಿರಿಯೂರಿಗೋ ಬಳ್ಳಾರಿಗೋ ಹೋಗಿರುತ್ತಾಳೆ. ಅಲ್ಲಿ ಹೊಲಿಗೆ ಮಾಡುತ್ತಿರಬಹುದು, ನಮ್ಮ ಪುಸ್ತಕದಲ್ಲಿ ಮಾತ್ರ "ನಾಪತ್ತೆ". ಸಿಗದವರ ಪಟ್ಟಿಯಿಂದ ಚೀಟಿ ಎತ್ತಿ ಹತ್ತು ಹೆಸರು ತೆಗೆಯಿರಿ, ಆ ಹತ್ತು ಜನರನ್ನು ಹೇಗಾದರೂ ಮಾಡಿ ಹುಡುಕಿ. ಅವರ ಕತೆ ಉಳಿದ ಇಪ್ಪತ್ತರ ಕತೆಗೂ ಹತ್ತಿರ ಇರುತ್ತದೆ.

ತರಬೇತಿ ಇಲ್ಲದಿದ್ದರೆ ಏನಾಗುತ್ತಿತ್ತು?

ಇಡೀ ಲೆಕ್ಕ ನಿಂತಿರುವುದು ಈ ಪ್ರಶ್ನೆಯ ಮೇಲೆ. "ತರಬೇತಿಗೆ ಮುಂಚೆ ತಿಂಗಳಿಗೆ ಎರಡು ಸಾವಿರ, ಈಗ ಐದು ಸಾವಿರ, ಹಾಗಾಗಿ ಲಾಭ ಮೂರು ಸಾವಿರ" ಅಂತ ಬರೆದ ವರದಿಗಳನ್ನು ರಾಶಿಗಟ್ಟಲೆ ನೋಡಿದ್ದೇನೆ. ಬರೆದೂ ಇದ್ದೇನೆ.

2023 ನೆನಪಿಸಿಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಮ್ಮ ಕಡೆ ಶೇಂಗಾ ಬಳ್ಳಿ ಒಣಗಿತು, ಕೂಲಿ ನಿಂತಿತು, ಜನ ತರಬೇತಿಗೆ ಹೆಸರು ಬರೆಸಿದರು. 2024ರಲ್ಲಿ ಮಳೆ ಬಂತು. ತರಬೇತಿ ಪಡೆದವರ ಆದಾಯ ಏರಿತು. ಪಡೆಯದವರದ್ದೂ ಏರಿತು! ಮಳೆ ತಂದ ಆದಾಯಕ್ಕೆಲ್ಲ ಟೈಲರಿಂಗ್ ಮೇಡಂ ಕಾರಣ ಅಂತ ಬರೆದರೆ ಹೇಗೆ?

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಜನ ತರಬೇತಿಗೆ ಸೇರುವುದೇ ಆದಾಯ ಕುಸಿದ ಹೊತ್ತಿನಲ್ಲಿ. ಆಮೇಲೆ ಅದು ತಾನಾಗಿಯೂ ಸ್ವಲ್ಪ ಮೇಲೇಳುತ್ತದೆ. ಅಮೆರಿಕದ ತರಬೇತಿ ಯೋಜನೆಗಳ ಲೆಕ್ಕದಲ್ಲಿ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ 1978ರಲ್ಲೇ ಇದನ್ನು ತೋರಿಸಿದರು. ಅದಕ್ಕೆ ಅವರ ಹೆಸರೇ ಬಿತ್ತು, ಆಶೆನ್‌ಫೆಲ್ಟರ್ ತಗ್ಗು ಅಂತ. 1986ರಲ್ಲಿ ರಾಬರ್ಟ್ ಲಲೋಂಡ್ ಇನ್ನೊಂದು ಕೆಲಸ ಮಾಡಿದರು. ಲಾಟರಿ ಎತ್ತಿ ಜನರನ್ನು ಆಯ್ದುಕೊಂಡ ಒಂದು ತರಬೇತಿಯ ನಿಜವಾದ ಫಲಿತಾಂಶ ಅವರ ಕೈಯಲ್ಲಿತ್ತು. ಲಾಟರಿ ಇಲ್ಲದೆ, ಬೇರೆ ಸರ್ವೆಗಳಿಂದ ಜನರನ್ನು ತಂದು ಹೋಲಿಸಿದರೆ ಅದೇ ಉತ್ತರ ಬರುತ್ತಾ ಅಂತ ನೋಡಿದರು. ಬಹಳಷ್ಟು ಸಲ ಬರಲಿಲ್ಲ.

ಹಾಗಾದರೆ ಯಾರ ಜೊತೆ ಹೋಲಿಸಬೇಕು? ಅರ್ಜಿ ಹಾಕಿದ್ದು 60 ಜನ, ಸೀಟು 30 ಇದ್ದರೆ ನಿಮ್ಮ ಅದೃಷ್ಟ ಒಳ್ಳೆಯದು. ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲರ ಎದುರು ಚೀಟಿ ಎತ್ತಿ. ಜನ ಜಗಳ ಮಾಡುತ್ತಾರೆ ಅಂತ ಅಧಿಕಾರಿಗಳು ಹೆದರುತ್ತಾರೆ. ನಾನು ಕಂಡಂತೆ ಶಿಫಾರಸಿನ ಮೇಲೆ ಸೀಟು ಕೊಟ್ಟಾಗ ಆಗುವ ಜಗಳ ಚೀಟಿ ಎತ್ತಿದಾಗ ಆಗುವುದಿಲ್ಲ. ಸೀಟು ಸಿಗದ 30 ಜನರ ಫೋನ್ ನಂಬರನ್ನೂ ಅಷ್ಟೇ ಜೋಪಾನವಾಗಿ ಬರೆದಿಟ್ಟುಕೊಳ್ಳಿ. ಅವರಿಗೂ ಮನಸ್ಸಿತ್ತು, ಅವರಿಗೂ ಬರ ತಟ್ಟಿತ್ತು, ವ್ಯತ್ಯಾಸ ಒಂದು ಚೀಟಿ ಮಾತ್ರ. ದೆಹಲಿಯ ಬಡ ಬಡಾವಣೆಗಳಲ್ಲಿ ಆರು ತಿಂಗಳ ಹೊಲಿಗೆ ತರಬೇತಿಯನ್ನು ಪುಷ್ಕರ್ ಮೈತ್ರಾ ಮತ್ತು ಸುಭಾ ಮಣಿ ಹೀಗೇ ಲಾಟರಿ ಇಟ್ಟು ಅಳೆದರು. ಅಲ್ಲಿ ಸೀಟು ಸಿಕ್ಕ ಹೆಂಗಸರ ದುಡಿಮೆ ನಿಜವಾಗಿಯೂ ಹೆಚ್ಚಿತ್ತು.

ಚೀಟಿ ಎತ್ತಲು ಆಗದಿದ್ದರೆ, ಮುಂದಿನ ಬ್ಯಾಚಿಗೆ ಕಾಯುತ್ತಿರುವವರನ್ನು ಕೇಳಿ. ಅವರು ತರಬೇತಿಗೆ ಸೇರುವ ತನಕ ಮಾತ್ರ ಈ ಹೋಲಿಕೆ ನಡೆಯುತ್ತದೆ, ಅದು ನೆನಪಿರಲಿ. ಮಧ್ಯದಲ್ಲಿ ಬಿಟ್ಟುಹೋದವರ ಜೊತೆಯಂತೂ ಹೋಲಿಸಲೇಬೇಡಿ. ಬಿಟ್ಟುಹೋದವರಲ್ಲಿ ಒಬ್ಬಳಿಗೆ ಮಗು ಹುಷಾರಿಲ್ಲ, ಇನ್ನೊಬ್ಬನಿಗೆ ಆಗಲೇ ಒಳ್ಳೆಯ ಕೆಲಸ ಸಿಕ್ಕಿದೆ. ಅದು ಬೇರೆಯೇ ಗುಂಪು.

ಈಗ ಲೆಕ್ಕ

ಇಲ್ಲಿರುವ ಸಂಖ್ಯೆಗಳು ಕಲಿಯಲು ಅಂತ ನಾನೇ ಇಟ್ಟುಕೊಂಡವು, ದರವೊಂದನ್ನು ಬಿಟ್ಟು. 30 ಜನರ ಬ್ಯಾಚ್, 300 ಗಂಟೆ, ಗಂಟೆಗೆ 38.50. ಒಬ್ಬರಿಗೆ 11,550, ಬ್ಯಾಚಿಗೆ 3,46,500 ರೂಪಾಯಿ. ಕೇಂದ್ರದ ವರದಿ "22 ಜನರಿಗೆ ಪ್ಲೇಸ್‌ಮೆಂಟ್" ಅನ್ನುತ್ತದೆ. ಭಾಗಿಸಿದರೆ ಒಂದು ಕೆಲಸಕ್ಕೆ 15,750. ನೋಡಲು ಚೆಂದ.

ಈಗ ಕಟ್ಟಡ, ಓಡಾಟ, ಸಿಬ್ಬಂದಿ ಅಂತ 60,000 ಸೇರಿಸಿ. 30ರಲ್ಲಿ 18 ಜನ ವಾರಕ್ಕೆ ಮೂರು ದಿನ 300 ರೂಪಾಯಿ ಕೂಲಿಗೆ ಹೋಗುತ್ತಿದ್ದರು ಅನ್ನೋಣ. ಎಂಟು ವಾರಕ್ಕೆ ಒಬ್ಬರಿಗೆ 7,200, ಎಲ್ಲರಿಗೂ 1,29,600. ಊಟ, ಗಂಡಸರ ಬಸ್ಸು, ಪುಸ್ತಕ 13,900. ಒಟ್ಟು 5,50,000.

ವರ್ಷದ ನಂತರ ಫೋನ್ ಮಾಡಿದಿರಿ. ತರಬೇತಿ ಪಡೆದ 30ರಲ್ಲಿ 16 ಜನ ಕೆಲಸದಲ್ಲಿದ್ದಾರೆ. ಚೀಟಿ ಸಿಗದ 30ರಲ್ಲಿ 10 ಜನ ಕೆಲಸದಲ್ಲಿದ್ದಾರೆ. ತರಬೇತಿಯಿಂದಲೇ ಆದದ್ದು 6. ಐದೂವರೆ ಲಕ್ಷವನ್ನು 6ರಿಂದ ಭಾಗಿಸಿ: 91,667 ರೂಪಾಯಿ. ಅದೇ ಬ್ಯಾಚು, ಒಂದು ಕಡೆ ಹದಿನೈದು ಸಾವಿರ ಚಿಲ್ಲರೆ, ಇನ್ನೊಂದು ಕಡೆ ತೊಂಬತ್ತೊಂದು ಸಾವಿರ ಚಿಲ್ಲರೆ.

ನನ್ನ 6 ಕೂಡ ಉದಾರವೇ. ಬಡ ದೇಶಗಳ ತರಬೇತಿಗಳ ಬಗ್ಗೆ ಲಾಟರಿಯಂಥ ಪಕ್ಕಾ ಅಧ್ಯಯನಗಳನ್ನು ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಝಿ 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನೂರು ಜನರಿಗೆ ತರಬೇತಿ ಕೊಟ್ಟರೆ ತರಬೇತಿಯಿಂದಲೇ ಕೆಲಸ ಸಿಕ್ಕಿದ್ದು ಸರಾಸರಿ ಮೂವರಿಗಿಂತ ಕಡಿಮೆ ಜನರಿಗೆ. ನೂರಕ್ಕೆ ಎಪ್ಪತ್ತು ಅಂತ ವರದಿ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ಕೆಲಸದ ಲೆಕ್ಕಕ್ಕಿಂತ ಆದಾಯದ ಲೆಕ್ಕ ವಾಸಿ. ಎಲ್ಲ 30 ಜನರ ಸರಾಸರಿ ತೆಗೆಯಿರಿ, ಸೊನ್ನೆ ಇದ್ದವರನ್ನೂ ಸೇರಿಸಿ. ತರಬೇತಿಯವರದ್ದು ತಿಂಗಳಿಗೆ 5,200, ಇನ್ನೊಂದು ಗುಂಪಿನದ್ದು 4,300 ಬಂತು ಅನ್ನೋಣ. ವ್ಯತ್ಯಾಸ 900. ಹನ್ನೆರಡು ತಿಂಗಳು, ಮೂವತ್ತು ಜನ: ವರ್ಷಕ್ಕೆ 3,24,000. ಇದೇ ಮೂರು ವರ್ಷ ಉಳಿದರೆ 9,72,000, ಹಾಕಿದ ದುಡ್ಡು ಆರಾಮಾಗಿ ವಾಪಸ್. ಆದರೆ ಎರಡನೇ ವರ್ಷ ಅರ್ಧ, ಮೂರನೇ ವರ್ಷ ಕಾಲು ಭಾಗಕ್ಕೆ ಇಳಿದರೆ? 3,24,000, ಆಮೇಲೆ 1,62,000, ಆಮೇಲೆ 81,000. ಒಟ್ಟು 5,67,000, ಅಂತೂ ದಡ ಮುಟ್ಟಿತು. ಮುಂದಿನ ವರ್ಷದ ದುಡ್ಡಿಗೆ ಇವತ್ತಿನ ಬೆಲೆ ಇಲ್ಲವಲ್ಲ, ವರ್ಷಕ್ಕೆ ನೂರಕ್ಕೆ 8ರಂತೆ ಬಡ್ಡಿ ಇಳಿಸಿದರೆ 5,43,444. ಈಗ ನಷ್ಟ! ಒಂದೇ ತರಬೇತಿ ಲಾಭವೂ ಹೌದು, ನಷ್ಟವೂ ಹೌದು. ಎರಡನೇ ವರ್ಷದ ಫೋನ್ ಮಾಡದವರಿಗೆ ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಮೂವತ್ತು ಮತ್ತು ಮೂವತ್ತು ಜನರಿಂದ ತೀರ್ಮಾನಕ್ಕೆ ಬರಬೇಡಿ. 16 ಮತ್ತು 10ರ ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದು. ಹತ್ತು ಹನ್ನೆರಡು ಬ್ಯಾಚ್ ಸೇರಿಸಿ, ಎರಡೂ ಕಡೆ ಮುನ್ನೂರು ನಾನೂರು ಜನ ಆದ ಮೇಲೆ ಮಾತಾಡಿ.

ಪಕ್ಕದ ಮನೆಯ ಟೈಲರ್

ಒಂದು ಊರಲ್ಲಿ ಮೊದಲು ಒಬ್ಬರೇ ಟೈಲರ್ ಇದ್ದರು. ನಾವು ಒಂದೇ ವರ್ಷದಲ್ಲಿ ಐದು ಜನರನ್ನು ತಯಾರು ಮಾಡಿದೆವು. ಊರಿನ ಹೆಂಗಸರ ಸಂಖ್ಯೆ ಏನೂ ಹೆಚ್ಚಲಿಲ್ಲ. ಬ್ಲೌಸ್ ಹೊಲಿಗೆ ದರ ಇಳಿಯಿತು. ನಮ್ಮ ಐವರ ಆದಾಯವನ್ನು ನಾವು ಬರೆದುಕೊಂಡೆವು, ಹಳೆಯ ಟೈಲರಮ್ಮ ಕಳೆದುಕೊಂಡದ್ದನ್ನು ಯಾರೂ ಬರೆಯಲಿಲ್ಲ. ಅವರು ನನಗೆ ನೇರವಾಗಿಯೇ ಬೈದರು: "ನನ್ನ ಗಿರಾಕೀನ ಹಂಚಾಕಿಬಿಟ್ರಲ್ಲಮ್ಮ." ಉತ್ತರ ಇರಲಿಲ್ಲ.

ಫ್ರಾನ್ಸಿನಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಹುಡುಕಿಕೊಡುವ ಯೋಜನೆಯನ್ನು ಬ್ರೂನೋ ಕ್ರೆಪೋನ್, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಅಳೆದಾಗಲೂ ಹೀಗೇ ಕಂಡಿತು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ನೆರವು ಸಿಕ್ಕವರ ಲಾಭದಲ್ಲಿ ಒಂದು ಪಾಲು ನೆರವು ಸಿಗದವರ ನಷ್ಟದಿಂದ ಬಂದಿತ್ತು. ಹಾಗಾಗಿ ಹೋಲಿಕೆಯ ಗುಂಪು ಅದೇ ಊರಿನದ್ದಾಗಿದ್ದರೆ ಎಚ್ಚರ. ಇವರು ಏರಿದ್ದು, ಅವರು ಇಳಿದದ್ದು ಎರಡೂ ಸೇರಿ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಹತ್ತಿರದ, ತರಬೇತಿ ನಡೆಯದ ಊರಿನಿಂದಲೂ ಸ್ವಲ್ಪ ಜನರನ್ನು ಸೇರಿಸಿಕೊಳ್ಳಿ. ಹಳೆಯ ಟೈಲರ್‌ಗಳಿಗೂ ಒಂದು ಫೋನ್ ಮಾಡಿ.

ದುಡ್ಡಿನಲ್ಲಿ ಅಳೆಯಲಾಗದ್ದೂ ಇರುತ್ತದೆ. ಮಗುವನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ದುಡಿಯುವುದು, ಬಿಸಿಲಲ್ಲಿ ಬಗ್ಗಿ ನಿಲ್ಲುವುದು ತಪ್ಪಿದ್ದು. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ರೂಪಾಯಿಗೆ ತಿರುಗಿಸಲು ಹೋಗಬೇಡಿ, ಲೆಕ್ಕ ತೂಗದಿದ್ದಾಗ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ಶುರು ಮಾಡುವವರಿಗೆ ಒಂದು ಸುಲಭದ ದಾರಿ: ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು. ಧರ್ಮಸ್ಥಳ ಮತ್ತು ಎರಡು ಬ್ಯಾಂಕು ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಮಾದರಿಯಲ್ಲಿ ಬೆಳೆದವು ಇವು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಪರ್ಕದಲ್ಲಿ ಇರಬೇಕು ಅನ್ನುವುದು ಅಲ್ಲಿನ ಕ್ರಮ. ಹಾಗಾಗಿ ಫಾಲೋಅಪ್ ರಿಜಿಸ್ಟರ್ ಆಗಲೇ ಇರುತ್ತೆ. ಸೀಟು ಸಿಗದವರಿಗೆ ಅಂತ ಅದರ ಪಕ್ಕ ಇನ್ನೊಂದು ರಿಜಿಸ್ಟರ್ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ನಂಬರ್ ಬರೆದುಕೊಳ್ಳುವಾಗ ಎರಡು ಕೇಳಿ, ಎರಡನೆಯದು ಅಮ್ಮನದ್ದಾಗಿರಲಿ. ಅಣ್ಣಂದಿರು ಸಿಮ್ ಬದಲಾಯಿಸುತ್ತಲೇ ಇರುತ್ತಾರೆ, ಅಮ್ಮಂದಿರು ಬದಲಾಯಿಸುವುದಿಲ್ಲ. ಫೋನ್ ಮಾಡುವುದು ಸಂಜೆ ಏಳೂವರೆಗೆ, ಹಾಲು ಹಾಕಿ ಬಂದ ಮೇಲೆ.